128 ಕೋರ್ ಇದ್ದರೂ ಅರವತ್ತು ಚಿಲ್ಲರೆ ಪ್ರೋಸೆಸ್‌ಗೇ ನಿಲ್ಲುತ್ತಿದೆ: ಒಂದೇ ಸರ್ವರ್‌ನಲ್ಲಿ ಲಕ್ಷಗಟ್ಟಲೆ ರನ್ ಹೇಗೆ?

ಹೇಮಾವತಿ_ದಡ · ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಹೇಮಾವತಿಯ ಮೇಲ್ಭಾಗದಲ್ಲಿ ಮಳೆ ಬಿದ್ದರೆ ಗೊರೂರು ಅಣೆಕಟ್ಟಿಗೆ ಎಷ್ಟು ನೀರು ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕುವ ಮಾದರಿ ನನ್ನದು. ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂಬ ಅಂಕಿಗಳನ್ನು ಬದಲಿಸಿ ಬದಲಿಸಿ ಲಕ್ಷಗಟ್ಟಲೆ ಸಲ ಓಡಿಸಬೇಕು. ಒಂದು ರನ್‌ಗೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ವಿಭಾಗದಲ್ಲಿ ಇರುವುದು ಒಂದೇ ದೊಡ್ಡ ಸರ್ವರ್. ಎಎಂಡಿ ಎಪಿಕ್ 7742 ಎರಡು, ಅಂದರೆ 128 ಕೋರ್. 512 ಜಿಬಿ ಮೆಮೊರಿ. ಸೆಂಟ್‌ಓಎಸ್ 7 ಲಿನಕ್ಸ್. ಬ್ಯಾಷ್‌ನ ಫಾರ್ ಲೂಪ್‌ನಿಂದ ರನ್‌ಗೊಂದು ಪೈಥಾನ್ ಪ್ರೋಸೆಸ್ಸನ್ನು ಹಿನ್ನೆಲೆಗೆ ಬಿಡುತ್ತೇನೆ. ಅರವತ್ತು ಚಿಲ್ಲರೆ ಆಗುತ್ತಿದ್ದಂತೆ ಪರದೆ ತುಂಬ ಒಂದೇ ಸಾಲು: "ಓಪನ್‌ಬ್ಲಾಸ್ ಬ್ಲಾಸ್_ಥ್ರೆಡ್_ಇನಿಟ್: ಪಿಥ್ರೆಡ್_ಕ್ರಿಯೇಟ್ ಫೇಲ್ಡ್ ಫಾರ್ ಥ್ರೆಡ್ 37 ಆಫ್ 64: ರಿಸೋರ್ಸ್ ಟೆಂಪರರಿಲಿ ಅನ್‌ಅವೈಲೆಬಲ್." ಟಾಪ್‌ನಲ್ಲಿ ನೋಡಿದರೆ ಮೆಮೊರಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಹಾಗಾದರೆ ಯಾವ ರಿಸೋರ್ಸ್ ಮುಗಿದಿದ್ದು?

ಸರ್ವರ್_ಕೋಣೆ · ಹಾಸನ

ಉತ್ತರ ನೀವು ಹಾಕಿದ ಸಾಲಲ್ಲೇ ಇದೆ. "37 ಆಫ್ 64" ಅಂದರೆ ಒಂದು ಪೈಥಾನ್ ಪ್ರೋಸೆಸ್ ತಾನೊಂದೇ 64 ಥ್ರೆಡ್ (ಪ್ರೋಸೆಸ್ ಒಳಗೇ ಬೇರೆ ಬೇರೆಯಾಗಿ ಓಡುವ ಎಳೆಗಳು) ಎಬ್ಬಿಸಲು ಹೊರಟಿದೆ. ನೀವು ಹಾಗೆ ಮಾಡು ಅಂತ ಎಲ್ಲೂ ಹೇಳಿಲ್ಲ. ಪಿಪ್‌ನಿಂದ ಹಾಕಿಕೊಂಡ ನಂಪೈ (ಪೈಥಾನ್‌ನ ಅಂಕಿ ಲೆಕ್ಕದ ಲೈಬ್ರರಿ) ಜೊತೆ ಓಪನ್‌ಬ್ಲಾಸ್ ಎಂಬ ಗಣಿತದ ಲೈಬ್ರರಿಯೂ ಬರುತ್ತದೆ. ಇಂಪೋರ್ಟ್ ಆದ ಕೂಡಲೇ ಅದು ಕೋರ್ ಎಷ್ಟಿವೆ ಎಂದು ಎಣಿಸಿ ಅಷ್ಟು ಥ್ರೆಡ್ ಸಿದ್ಧ ಮಾಡಿಕೊಳ್ಳುತ್ತದೆ. ಹೆಚ್ಚೆಂದರೆ 64.

ಇನ್ನೊಂದು ಕಡೆ, ಸೆಂಟ್‌ಓಎಸ್ 7ರಲ್ಲಿ ಸಾಮಾನ್ಯ ಬಳಕೆದಾರರಿಗೆ 4096 ಎಂಬ ಮಿತಿ ಇನ್‌ಸ್ಟಾಲ್ ಆದಾಗಲೇ ಬಂದಿರುತ್ತದೆ. "ಯುಲಿಮಿಟ್ -ಯು" ಎಂದು ಕೇಳಿ, ಅದೇ ಸಂಖ್ಯೆ ಬರುತ್ತದೆ. ಹೆಸರಿಗೆ ಅದು ಪ್ರೋಸೆಸ್ ಮಿತಿ. ಆದರೆ ಲಿನಕ್ಸ್ ಆ ಲೆಕ್ಕದಲ್ಲಿ ಥ್ರೆಡ್‌ಗಳನ್ನೂ ಒಂದೊಂದಾಗಿ ಎಣಿಸುತ್ತದೆ. 64ನ್ನು 64ರಿಂದ ಗುಣಿಸಿ: 4096. ನೀವು ಅರವತ್ತು ಚಿಲ್ಲರೆಗೆ ನಿಂತಿದ್ದು ಅದಕ್ಕೇ. ಸ್ವಲ್ಪ ಮೊದಲೇ ನಿಂತಿದ್ದರೆ ನಿಮ್ಮ ಜ್ಯೂಪಿಟರ್, ಎಡಿಟರ್ ಎಲ್ಲ ಅದೇ ಲೆಕ್ಕದಲ್ಲಿ ಇವೆ ಅಂತ ಅರ್ಥ. ಮಿತಿ ಒಂದು ಲಾಗಿನ್‌ಗಲ್ಲ, ಒಬ್ಬ ಬಳಕೆದಾರರಿಗೆ. ವಿಭಾಗದವರೆಲ್ಲ ಒಂದೇ ಐಡಿ ಬಳಸುತ್ತಿದ್ದರಂತೂ ಎಲ್ಲರದ್ದೂ ಸೇರಿ 4096.

ಸ್ಕ್ರಿಪ್ಟ್‌ನ ಮೊದಲಲ್ಲೇ "ಓಪನ್‌ಬ್ಲಾಸ್_ನಮ್_ಥ್ರೆಡ್ಸ್", "ಓಎಂಪಿ_ನಮ್_ಥ್ರೆಡ್ಸ್" ಎರಡನ್ನೂ 1 ಎಂದು ಎಕ್ಸ್‌ಪೋರ್ಟ್ ಮಾಡಿ. ನಂಪೈ ಇಂಪೋರ್ಟ್ ಆದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಥ್ರೆಡ್‌ಗಳು ಎದ್ದಿರುತ್ತವೆ.

ಬ್ಯಾಷ್_ಬಳಗ · ಅರಸೀಕೆರೆ

ಅಷ್ಟೆಲ್ಲ ಯಾಕೆ ಸರ್? ಲಿಮಿಟ್ಸ್ ಕಡತದಲ್ಲಿ 4096 ತೆಗೆದು ಅನ್‌ಲಿಮಿಟೆಡ್ ಅಂತ ಹಾಕಿದರೆ ಮುಗೀತಲ್ವಾ? ದುಡ್ಡು ಕೊಟ್ಟು ತಂದ ಮಷೀನು, ಅದಕ್ಕೆ ಬೇಲಿ ಯಾಕೆ?

ಸರ್ವರ್_ಕೋಣೆ · ಹಾಸನ

ಒಬ್ಬರೇ ಬಳಸುವ ಮಷೀನಾದರೆ ನಿಮ್ಮಿಷ್ಟ. ಹತ್ತು ಜನ ಬಳಸುವ ಸರ್ವರ್‌ಗೆ ಇದನ್ನು ಮಾಡಬೇಡಿ, ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ. ಬಳಕೆದಾರರ ಮಿತಿಯ ಮೇಲೆ ಇಡೀ ಮಷೀನಿನ ಮಿತಿ ಇನ್ನೊಂದಿದೆ. ಪಿಐಡಿಗೆ, ಅಂದರೆ ಪ್ರತಿ ಪ್ರೋಸೆಸ್, ಥ್ರೆಡ್‌ಗೆ ಕೊಡುವ ಸಂಖ್ಯೆಗೆ, ಲಿನಕ್ಸ್‌ನ ಹಳೆಯ ಗಡಿ 32768. ಸಿಪಿಯು ಹೆಚ್ಚಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಸಿಪಿಯು ಒಂದಕ್ಕೆ 1024ರಂತೆ ಅದನ್ನು ಏರಿಸಿಕೊಳ್ಳುತ್ತದೆ. 64-ಬಿಟ್‌ನಲ್ಲಿ ನಾವೇ ಏರಿಸಿದರೆ 41,94,304ರ ತನಕ ಹೋಗಬಹುದು. ಮಷೀನ್ ಏಳುವಾಗ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಹೊಸದಾದರೆ, ಅಂದರೆ 243ರಿಂದೀಚಿನದಾದರೆ, ತಾನೇ ಅಷ್ಟಕ್ಕೆ ಏರಿಸಿಬಿಡುತ್ತದೆ. ಒಬ್ಬರ ಸ್ಕ್ರಿಪ್ಟ್ ಆ ಗಡಿಯನ್ನು ತಿಂದುಹಾಕಿದರೆ ಬೇರೆಯವರಿಗೆ ಲಾಗಿನ್ ಕೂಡ ಆಗುವುದಿಲ್ಲ, ಯಾಕೆಂದರೆ ಲಾಗಿನ್ ಆಗಲು ಸಹ ಹೊಸ ಪ್ರೋಸೆಸ್ ಬೇಕು.

ಮಿತಿ ಮುಟ್ಟಿದಾಗ ಏನಾಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕು. "ಎಲ್‌ಎಸ್" ಹೊಡೆದರೆ ಓಡುವುದಿಲ್ಲ. "ಪಿಎಸ್" ಓಡುವುದಿಲ್ಲ. "ಫೋರ್ಕ್: ರಿಟ್ರೈ" ಎಂದು ಶೆಲ್ ಮತ್ತೆ ಮತ್ತೆ ಹೇಳುತ್ತಾ ಕೂರುತ್ತದೆ. ಆಗ ಉಳಿದಿರುವುದು ಬ್ಯಾಷ್ ಒಳಗೇ ಇರುವ ಆಜ್ಞೆಗಳು ಮಾತ್ರ. "ಕಿಲ್" ಅವುಗಳಲ್ಲಿ ಒಂದು, ಅದಕ್ಕೆ ಹೊಸ ಪ್ರೋಸೆಸ್ ಬೇಡ. ಮೊದಲು ಫಾರ್ ಲೂಪ್ ಓಡಿಸುತ್ತಿರುವ ಶೆಲ್‌ಗೆ "ಕಿಲ್ -ಸ್ಟಾಪ್" ಕೊಡಿ, ಹೊಸವು ಹುಟ್ಟುವುದು ನಿಲ್ಲಲಿ. ಆಮೇಲೆ ಉಳಿದವನ್ನು ಕೊಲ್ಲಿ. ನಂಬರ್ ಬೇಕಾದರೆ "ಎಕೋ /ಪ್ರಾಕ್/[0-9]*" ಸಾಕು, ಅದೂ ಶೆಲ್ ಒಳಗೇ ಆಗುತ್ತದೆ. ಏನೂ ದಾರಿ ಕಾಣದಿದ್ದರೆ ನಿಮ್ಮ ಸ್ವಂತ ಐಡಿಯಿಂದ "ಕಿಲ್ -9 -1". ನಿಮ್ಮ ಎಲ್ಲ ಪ್ರೋಸೆಸ್‌ಗಳೂ ಹೋಗುತ್ತವೆ, ಲಾಗಿನ್ ಸಹ. ರೂಟ್ ಆಗಿ ಇದನ್ನು ಯಾವತ್ತೂ ಹೊಡೆಯಬೇಡಿ, ಇಡೀ ಮಷೀನೇ ಮಲಗುತ್ತದೆ.

ಹೇಮಾವತಿ_ದಡ · ಹಾಸನ

ಸರ್, ತುಂಬ ಧನ್ಯವಾದ. ಥ್ರೆಡ್ 1 ಮಾಡಿದ ಮೇಲೆ ಆ ದೂರು ಪೂರ್ತಿ ಹೋಯಿತು. ಈಗ ಲೂಪ್ ಸರಾಗವಾಗಿ ಮುಂದೆ ಹೋಗುತ್ತಿದೆ. ಆದರೆ ನೂರಾರು ಪ್ರೋಸೆಸ್ ಒಟ್ಟಿಗೆ ಎದ್ದ ಮೇಲೆ ಮೆಮೊರಿ ಖಾಲಿಯಾಗಿ ಕರ್ನಲ್ ಒಂದೊಂದನ್ನೇ ಕೊಲ್ಲಲು ಶುರು ಮಾಡುತ್ತದೆ. ಒಂದೊಂದು ಪ್ರೋಸೆಸ್ 3 ಜಿಬಿ ಮೇಲೆ ಹಿಡಿಯುತ್ತದೆ. ಲೋಡ್ ಆವರೇಜ್ ಕೋರ್ ಸಂಖ್ಯೆಯ ಎಷ್ಟೋ ಪಟ್ಟು ತೋರಿಸುತ್ತದೆ. ಮುಗಿಯುವ ರನ್ ಮಾತ್ರ ಹೆಚ್ಚಾಗಿಲ್ಲ.

ಬೇಲೂರು_ಮೇಷ್ಟ್ರು · ಬೇಲೂರು

ಇಲ್ಲಿ ಎರಡು ಪ್ರಶ್ನೆ ಬೆರೆತಿವೆ. ಎಷ್ಟು ರನ್ ಮಾಡಬೇಕು ಎಂಬುದು ಒಂದು. ಒಂದು ಹೊತ್ತಿಗೆ ಎಷ್ಟು ಜೀವಂತ ಇರಬೇಕು ಎಂಬುದು ಇನ್ನೊಂದು. ಲಕ್ಷ ರನ್ ಬೇಕು ಅಂದ ಮಾತ್ರಕ್ಕೆ ಲಕ್ಷ ಪ್ರೋಸೆಸ್ ಒಟ್ಟಿಗೆ ಏಳಬೇಕಾಗಿಲ್ಲ. ಶಿರಾಡಿ ಘಾಟಿಗೆ ಸಕಲೇಶಪುರದಿಂದ ಎಷ್ಟು ಲಾರಿ ಬಿಟ್ಟರೂ ಕೆಳಗೆ ಇಳಿಯುವುದು ರಸ್ತೆ ಹಿಡಿಸಿದಷ್ಟೇ. ಮಿಕ್ಕವು ದಾರಿ ಕಟ್ಟಿಕೊಂಡು ನಿಲ್ಲುತ್ತವೆ.

ನಿಮ್ಮ ಕೆಲಸ ಪೂರ್ತಿ ಲೆಕ್ಕ ಹಾಕುವ ಕೆಲಸ, ಕಾಯುವುದು ಇಲ್ಲವೇ ಇಲ್ಲ. ಹಾಗಿದ್ದಾಗ 128 ಕೋರ್‌ಗೆ 128 ಪ್ರೋಸೆಸ್. ಅದಕ್ಕಿಂತ ಜಾಸ್ತಿ ಎಬ್ಬಿಸಿದರೆ ಕರ್ನಲ್ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎತ್ತಬೇಕು. ಯಾರನ್ನು ಎತ್ತಬೇಕು ಎಂದು ಹುಡುಕುವ ಖರ್ಚು ದೊಡ್ಡದಲ್ಲ. ಈ ಆರಿಸುವ ಕೆಲಸಕ್ಕೆಂದೇ 2007ರಲ್ಲಿ ಕರ್ನಲ್ 2.6.23ಕ್ಕೆ ಬಂದ ಸಿಎಫ್‌ಎಸ್, 2023ರಲ್ಲಿ 6.6ಕ್ಕೆ ಬಂದ ಇಇವಿಡಿಎಫ್, ಎರಡೂ ಸಾವಿರಾರು ಟಾಸ್ಕ್‌ಗಳ ನಡುವೆ ಬೇಗನೆ ಆರಿಸುತ್ತವೆ. ನಷ್ಟ ಆಗುವುದು ಕ್ಯಾಶ್‌ನಲ್ಲಿ, ಅಂದರೆ ಸಿಪಿಯು ಒಳಗಿನ ಸಣ್ಣ, ವೇಗದ ಮೆಮೊರಿಯಲ್ಲಿ. ಒಂದು ಪ್ರೋಸೆಸ್ ತನ್ನ ದತ್ತಾಂಶವನ್ನು ಕ್ಯಾಶ್‌ಗೆ ತಂದುಕೊಂಡು ಕೆಲಸ ಶುರು ಮಾಡುವಷ್ಟರಲ್ಲಿ ಅದರ ಸರದಿ ಮುಗಿಯುತ್ತದೆ, ಬಂದವನು ಅದನ್ನೆಲ್ಲ ಹೊರಗೆ ಹಾಕುತ್ತಾನೆ.

ಫಾರ್ ಲೂಪ್ ಬಿಡಿ. ಗ್ನೂ ಪ್ಯಾರಲಲ್ ಹಾಕಿಕೊಳ್ಳಿ. "-ಜೆ 128" ಕೊಟ್ಟರೆ ಒಂದು ಮುಗಿದಂತೆ ಇನ್ನೊಂದನ್ನು ಅದೇ ಎಬ್ಬಿಸುತ್ತದೆ. ಇಷ್ಟು ಮೆಮೊರಿ ಖಾಲಿ ಇಲ್ಲದಿದ್ದರೆ ಹೊಸದನ್ನು ಶುರು ಮಾಡಬೇಡ ಎಂದು "ಮೆಮ್‌ಫ್ರೀ" ಆಯ್ಕೆಯಲ್ಲಿ ಹೇಳಬಹುದು.

ಲೋಡ್ ಆವರೇಜ್ ನೋಡಿ ತೀರ್ಮಾನ ಮಾಡಬೇಡಿ. ಲಿನಕ್ಸ್‌ನಲ್ಲಿ ಅದು ಸಿಪಿಯುಗಾಗಿ ಕಾಯುವವರನ್ನಷ್ಟೇ ಅಲ್ಲ, ಡಿಸ್ಕ್‌ನಲ್ಲೋ ಎನ್‌ಎಫ್‌ಎಸ್‌ನಲ್ಲೋ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಸಿಕ್ಕಿಕೊಂಡು ಡಿ ಸ್ಥಿತಿಯಲ್ಲಿ ನಿಂತವರನ್ನೂ ಎಣಿಸುತ್ತದೆ. ನೋಡಬೇಕಾದ್ದು ಒಂದೇ: ಗಂಟೆಗೆ ಎಷ್ಟು ರನ್ ಮುಗಿದವು?

ಕಾಫಿಗಿಡ · ಚಿಕ್ಕಮಗಳೂರು

ಮೇಷ್ಟ್ರೇ, ಈ ಚರ್ಚೆಗೆ ನಿಮ್ಮ ಮಾತು ಸರಿ. ಆದರೆ ಓದಿದವರು "ಕೋರ್‌ಗಿಂತ ಜಾಸ್ತಿ ಪ್ರೋಸೆಸ್ ಯಾವಾಗಲೂ ತಪ್ಪು" ಎಂದುಕೊಂಡು ಹೋಗಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ತೋಟಗಳ ಕಡೆಯ ಕೆಲಸ. ಮಳೆಮಾಪಕ, ಮಣ್ಣಿನ ತೇವದ ಸೆನ್ಸರ್, ಎಲೆ ಒದ್ದೆಯಾಗಿದೆಯೋ ಇಲ್ಲವೋ ಹೇಳುವ ಸೆನ್ಸರ್. ಎಲೆ ಒದ್ದೆ ಇರುವ ಗಂಟೆಗಳ ಲೆಕ್ಕ ಸಿಕ್ಕರೆ ಎಲೆ ತುಕ್ಕು ರೋಗ ಬರುವುದನ್ನು ಮೊದಲೇ ಅಂದಾಜು ಮಾಡಬಹುದು. ಪ್ರತಿ ಸೆನ್ಸರ್ ಒಂದು ಕನೆಕ್ಷನ್ ಹಿಡಿದುಕೊಂಡಿರುತ್ತದೆ. ಮಾತಾಡುವುದು ಯಾವಾಗಲೋ ಒಮ್ಮೆ, ಉಳಿದ ಹೊತ್ತು ಸುಮ್ನೆ ಇರುತ್ತದೆ. ನಾಲ್ಕು ಕೋರ್‌ನ ಸಣ್ಣ ಮಷೀನ್ ಮೇಲೆ ಇಂಥ ಸಾವಿರಾರು ಕನೆಕ್ಷನ್ ಆರಾಮಾಗಿ ನಿಲ್ಲುತ್ತವೆ. ಮಲಗಿರುವವನು ಸಿಪಿಯು ಕೇಳುವುದಿಲ್ಲ. ಅವನಿಗೆ ಬೇಕಾಗಿರುವುದು ಮೆಮೊರಿಯಲ್ಲಿ ಒಂದಿಷ್ಟು ಜಾಗ ಅಷ್ಟೇ.

ಆ ಜಾಗ ಎಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ. ಈಗಿನ 64-ಬಿಟ್ ಇಂಟೆಲ್, ಎಎಂಡಿ ಮಷೀನ್‌ಗಳಲ್ಲಿ ಲಿನಕ್ಸ್ ಪ್ರತಿ ಥ್ರೆಡ್‌ಗೂ ಕರ್ನಲ್ ಒಳಗೆ 16 ಕೆಬಿ ಸ್ಟ್ಯಾಕ್ ಕೊಡುತ್ತದೆ. ಬಳಕೆದಾರರ ಕಡೆಯ 8 ಎಂಬಿ ಸ್ಟ್ಯಾಕ್ ಬರೀ ವಿಳಾಸ, ಮುಟ್ಟಿದಷ್ಟೇ ಪುಟ ಸಿಗುತ್ತದೆ. ಒಂದು ಖಾಲಿ ಪೈಥಾನ್ ಇಂಟರ್‌ಪ್ರಿಟರ್ ಕೆಲವು ಎಂಬಿ ತಿನ್ನುತ್ತದೆ. ಗೋ ಭಾಷೆಯ ಗೋರೂಟೀನ್ 2 ಕೆಬಿ ಸ್ಟ್ಯಾಕ್‌ನಿಂದ ಶುರುವಾಗುತ್ತದೆ. ಎರಿಕ್ಸನ್‌ನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಹುಟ್ಟಿದ ಅರ್ಲಾಂಗ್‌ನ ಪ್ರೋಸೆಸ್ ಸಹ ಕೆಲವೇ ಕೆಬಿ. 2012ರ ಶುರುವಿನಲ್ಲಿ ವಾಟ್ಸ್‌ಆ್ಯಪ್‌ನವರು ಫ್ರೀಬಿಎಸ್‌ಡಿ ಮೇಲೆ ಅರ್ಲಾಂಗ್ ಓಡಿಸಿ ಒಂದೇ ಸರ್ವರ್‌ನಲ್ಲಿ 20 ಲಕ್ಷಕ್ಕಿಂತ ಹೆಚ್ಚು ಕನೆಕ್ಷನ್ ಹಿಡಿದು ತೋರಿಸಿದರು. 1999ರಲ್ಲಿ ಡ್ಯಾನ್ ಕೆಗೆಲ್ "ಹತ್ತು ಸಾವಿರ ಕನೆಕ್ಷನ್ ಹೇಗೆ" ಎಂದು ಕೇಳಿದಾಗ ಅದೇ ದೊಡ್ಡ ಸವಾಲಾಗಿತ್ತು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ಪ್ರೋಸೆಸ್ ಲೆಕ್ಕ ಹಾಕುತ್ತಿದೆಯಾ, ಕಾಯುತ್ತಿದೆಯಾ?

ಬೇಲೂರು_ಮೇಷ್ಟ್ರು · ಬೇಲೂರು

ಒಪ್ಪಿದೆ ಮೇಡಂ. ಕಾಯುವ ಕೆಲಸಕ್ಕೆ ಕೋರ್ ಲೆಕ್ಕ ಹಿಡಿಯುವುದು ತಪ್ಪು. ಹೇಮಾವತಿ_ದಡ ಅವರದು ಪೂರ್ತಿ ಲೆಕ್ಕದ ಕೆಲಸ, ಅವರಿಗೆ ಗೋ, ಅರ್ಲಾಂಗ್ ಯಾವುದೂ ಬೇಡ.

ಬ್ಯಾಷ್_ಬಳಗ · ಅರಸೀಕೆರೆ

ಇವರು 256 ಕೊಡಬಹುದಲ್ವಾ ಸರ್? ಮಷೀನ್ 256 ಸಿಪಿಯು ತೋರಿಸುತ್ತದಲ್ಲ?

ಬೇಲೂರು_ಮೇಷ್ಟ್ರು · ಬೇಲೂರು

ತೋರಿಸುವುದು 256, ನಿಜವಾದ ಕೋರ್ 128. ಒಂದು ಕೋರ್‌ನಲ್ಲಿ ಎರಡು ಥ್ರೆಡ್ ಒಂದೇ ಲೆಕ್ಕದ ಯಂತ್ರವನ್ನು ಹಂಚಿಕೊಳ್ಳುತ್ತವೆ. ಒಂದು ಮೆಮೊರಿಗಾಗಿ ಕಾಯುವಾಗ ಇನ್ನೊಂದು ಓಡುವಂಥ ಕೆಲಸಕ್ಕೆ ಲಾಭ ಇದೆ. ಎರಡೂ ಬಿಡದೆ ಗುಣಾಕಾರ ಮಾಡುತ್ತಿದ್ದರೆ ಲಾಭ ಕಡಿಮೆ. 64, 128, 192, 256 ನಾಲ್ಕನ್ನೂ ಸ್ವಲ್ಪ ಹೊತ್ತು ಓಡಿಸಿ ಅಳೆಯಿರಿ.

ಕಾಫಿಗಿಡ · ಚಿಕ್ಕಮಗಳೂರು

ಹೇಮಾವತಿ_ದಡ ಅವರೇ, ಒಂದೊಂದು ಪ್ರೋಸೆಸ್‌ಗೆ 3 ಜಿಬಿ ಯಾಕೆ ಬೇಕು? ಮಳೆ ದತ್ತಾಂಶ ಎಲ್ಲಿಯದು?

ಹೇಮಾವತಿ_ದಡ · ಹಾಸನ

ಹವಾಮಾನ ಇಲಾಖೆಯ ಗ್ರಿಡ್ ದತ್ತಾಂಶ ಮೇಡಂ. ಕಾಲು ಡಿಗ್ರಿ ಚೌಕ, ದಿನದ ಮಳೆ, 1901ರಿಂದ ಇಲ್ಲಿಯವರೆಗೆ. ಎಲ್ಲ ವರ್ಷಗಳನ್ನೂ ಒಂದು ಅರೇ ಮಾಡಿ ಪ್ರತಿ ಪ್ರೋಸೆಸ್‌ನಲ್ಲೂ ಓದಿಸುತ್ತೇನೆ.

ಕಾಫಿಗಿಡ · ಚಿಕ್ಕಮಗಳೂರು

ಹಾಗಿದ್ದರೆ ನಿಮ್ಮ ಸಮಸ್ಯೆಯ ದೊಡ್ಡ ಪಾಲು ಇಲ್ಲೇ ಇದೆ. ಒಟ್ಟಿಗೆ ಲೆಕ್ಕ ಹಾಕೋಣ.

ಆ ಗ್ರಿಡ್ ಇಡೀ ದೇಶದ್ದು. ಅಡ್ಡ 135, ಉದ್ದ 129 ಬಿಂದು. ದಿನಕ್ಕೆ 17,415 ಸಂಖ್ಯೆ, ಒಂದೊಂದಕ್ಕೆ 4 ಬೈಟ್. ವರ್ಷಕ್ಕೆ ಸುಮಾರು 25 ಎಂಬಿ. 120 ವರ್ಷ ಅಂದರೆ 3 ಜಿಬಿ. ನೀವು ನೋಡುತ್ತಿರುವುದು ಸರಿಯಾಗಿ ಅದೇ.

ನಿಮಗೆ ಬೇಕಾಗಿರುವುದು ಹೇಮಾವತಿ. ಮೂಡಿಗೆರೆ ಕಡೆ ಹುಟ್ಟಿ ಸಕಲೇಶಪುರ ದಾಟಿ ಗೊರೂರು. ಅಣೆಕಟ್ಟಿನ ಮೇಲಿನ ಜಲಾನಯನ ಸುಮಾರು 2,800 ಚದರ ಕಿ.ಮೀ. ನಮ್ಮ ಅಕ್ಷಾಂಶದಲ್ಲಿ ಕಾಲು ಡಿಗ್ರಿ ಚೌಕದ ಒಂದು ಬದಿ ಸುಮಾರು 27 ಕಿ.ಮೀ., ಅಂದರೆ ಒಂದು ಚೌಕ 700 ಚದರ ಕಿ.ಮೀ. ಮೇಲೆ. ಅಂಚಿನವನ್ನು ಸೇರಿಸಿಕೊಂಡರೂ ಹತ್ತು, ಹನ್ನೆರಡು ಚೌಕ ಸಾಕು. ಒಂದು ಚೌಕಕ್ಕೆ 120 ವರ್ಷದ ದಿನದ ಮಳೆ 180 ಕೆಬಿ ಒಳಗೆ. ಎಲ್ಲ ಸೇರಿ 2 ಎಂಬಿ ಆಸುಪಾಸು.

3 ಜಿಬಿ ಎಲ್ಲಿ, 2 ಎಂಬಿ ಎಲ್ಲಿ! ರಾಜಸ್ಥಾನದ ಮಳೆಯನ್ನು ಗೊರೂರಿನ ಲೆಕ್ಕಕ್ಕೆ ಹೊತ್ತು ತರುವ ಅಗತ್ಯವೇ ಇಲ್ಲ. ಒಂದು ಸಲ ಕತ್ತರಿಸಿ ಸಣ್ಣ ಕಡತ ಮಾಡಿಟ್ಟುಕೊಳ್ಳಿ. ಇನ್ನೂ ಒಂದು ಲಾಭ: ಎಪಿಕ್ 7742ರಲ್ಲಿ ನಾಲ್ಕು ಕೋರ್‌ಗೆ 16 ಎಂಬಿ ಎಲ್3 ಕ್ಯಾಶ್ ಇದೆ. ನಾಲ್ಕು ಪ್ರೋಸೆಸ್‌ನ ಮಳೆ ಅದರೊಳಗೇ ಕೂರುತ್ತದೆ. ಮೇಷ್ಟ್ರು ಹೇಳಿದ ಕ್ಯಾಶ್ ನಷ್ಟವೂ ಕಡಿಮೆಯಾಗುತ್ತದೆ.

ಹೇಮಾವತಿ_ದಡ · ಹಾಸನ

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ! ಆದರೆ ಮುಂದಿನ ಹಂತದಲ್ಲಿ ಇಡೀ ಕಾವೇರಿ ಕೊಳ್ಳಕ್ಕೆ ಹೋಗಬೇಕು, ಮಳೆ ಜೊತೆಗೆ ಉಷ್ಣತೆ, ಭೂಬಳಕೆ ಎಲ್ಲ ಸೇರುತ್ತವೆ. ಆಗ ದೊಡ್ಡ ಅರೇ ಬೇಕೇ ಬೇಕಾಗುತ್ತದೆ. ಆಗೇನು ಮಾಡುವುದು?

ಸರ್ವರ್_ಕೋಣೆ · ಹಾಸನ

ಒಂದೇ ಪ್ರತಿಯನ್ನು ಎಲ್ಲರೂ ಹಂಚಿಕೊಳ್ಳಲಿ. ಎರಡು ದಾರಿ ಇವೆ.

ಅರೇಯನ್ನು ನಂಪೈನ ಎನ್‌ಪಿವೈ ಕಡತವಾಗಿ ಉಳಿಸಿ, ಓದುವಾಗ "ಎಂಮ್ಯಾಪ್_ಮೋಡ್"ಗೆ "ಆರ್" ಕೊಡಿ. ಆಗ ದತ್ತಾಂಶ ಕರ್ನಲ್‌ನ ಪುಟ ಕ್ಯಾಶ್‌ನಲ್ಲಿ ಒಂದೇ ಸಲ ಇರುತ್ತದೆ, 128 ಪ್ರೋಸೆಸ್ ಅದನ್ನೇ ನೋಡುತ್ತವೆ. ನನಗೆ ಇದೇ ಇಷ್ಟ. ಕಡತ ಮಾತ್ರ ಸ್ಥಳೀಯ ಡಿಸ್ಕ್‌ನಲ್ಲಿ ಇರಲಿ.

ಇನ್ನೊಂದು, ಮೊದಲು ಲೋಡ್ ಮಾಡಿ ಆಮೇಲೆ ಫೋರ್ಕ್ ಮಾಡುವುದು, ಅಂದರೆ ಓಡುತ್ತಿರುವ ಪ್ರೋಸೆಸ್‌ನಿಂದಲೇ ಅದರ ಮರಿ ಪ್ರೋಸೆಸ್ ಎಬ್ಬಿಸುವುದು. ಫೋರ್ಕ್ ಆದಾಗ ಲಿನಕ್ಸ್ ಪುಟಗಳನ್ನು ನಕಲು ಮಾಡುವುದಿಲ್ಲ. ಯಾರಾದರೂ ಬರೆದಾಗ ಮಾತ್ರ ಆ ಪುಟವನ್ನು ನಕಲು ಮಾಡುತ್ತದೆ. ಪೈಥಾನ್‌ನಲ್ಲಿ ಒಂದು ಎಚ್ಚರ: ಪ್ರತಿ ವಸ್ತುವಿನ ಮೇಲೂ ರೆಫರೆನ್ಸ್ ಎಣಿಕೆ ಇರುತ್ತದೆ, ಬರೀ ಓದಿದರೂ ಆ ಎಣಿಕೆ ಬದಲಾಗುತ್ತದೆ. ದೊಡ್ಡ ಲಿಸ್ಟ್, ಡಿಕ್ಷನರಿ ಆದರೆ ನಿಧಾನವಾಗಿ ಎಲ್ಲವೂ ನಕಲಾಗಿಬಿಡುತ್ತದೆ. ನಂಪೈ ಅರೇಗೆ ಈ ಕಾಟ ಇಲ್ಲ. ಎಣಿಕೆ ಇರುವುದು ಅರೇಯ ತಲೆಭಾಗದಲ್ಲಿ ಮಾತ್ರ, ದತ್ತಾಂಶದ ಭಾಗ ಹಾಗೇ ಉಳಿಯುತ್ತದೆ. ಮುಂದೆ ಹೊಸ ಪೈಥಾನ್‌ಗೆ ಹೋದಾಗ ನೆನಪಿಡಿ: 3.14ರಿಂದ ಲಿನಕ್ಸ್‌ನಲ್ಲಿ ಮಲ್ಟಿಪ್ರೋಸೆಸಿಂಗ್ ತಾನಾಗಿ ಆರಿಸುವ ವಿಧಾನ ಫೋರ್ಕ್ ಅಲ್ಲ, ಫೋರ್ಕ್‌ಸರ್ವರ್. ಫೋರ್ಕ್ ಬೇಕಿದ್ದರೆ ಹೆಸರು ಹಿಡಿದು ಕೇಳಬೇಕು.

ಹಂಚಿಕೊಂಡ ಮೇಲೂ ಟಾಪ್ ಪ್ರತಿ ಪ್ರೋಸೆಸ್ ಮುಂದೆ 3 ಜಿಬಿ ಅಂತಲೇ ತೋರಿಸುತ್ತದೆ. ಅದು ಆರ್‌ಎಸ್‌ಎಸ್, ಹಂಚಿಕೊಂಡ ಪುಟವನ್ನು ಎಲ್ಲರ ಲೆಕ್ಕಕ್ಕೂ ಹಾಕುತ್ತದೆ. ಗಾಬರಿ ಬೇಡ. ನಿಜವಾದ ಪಾಲು ಬೇಕಾದರೆ ಪಿಎಸ್‌ಎಸ್ ನೋಡಿ, "ಎಸ್‌ಮೆಮ್" ಎಂಬ ಉಪಕರಣ ತೋರಿಸುತ್ತದೆ.

ಜೊತೆಗೆ ಇದನ್ನೂ ಹೇಳಿಬಿಡುತ್ತೇನೆ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಬೆಂಬಲ ನಿಂತಿದೆ. ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್‌ಗೆ ಬದಲಿಸಲು ವಿಭಾಗದವರಿಗೆ ದಯವಿಟ್ಟು ಹೇಳಿ. ಕರ್ನಲ್ 4.20ರಿಂದ "/ಪ್ರಾಕ್/ಪ್ರೆಶರ್" ಬಂದಿದೆ. ಕೆಲಸ ನಿಂತದ್ದು ಸಿಪಿಯುಗಾ, ಮೆಮೊರಿಗಾ, ಡಿಸ್ಕ್‌ಗಾ ಎಂದು ಅದು ಶೇಕಡಾವಾರು ಬಿಡಿಸಿ ಹೇಳುತ್ತದೆ. ನಿಮ್ಮ 3.10 ಕರ್ನಲ್‌ನಲ್ಲಿ ಅದು ಸಿಗುವುದಿಲ್ಲ.

ಬೇಲೂರು_ಮೇಷ್ಟ್ರು · ಬೇಲೂರು

ಇನ್ನೊಂದು ಮಾತು. ಒಂದು ರನ್ ಎಷ್ಟು ಹೊತ್ತು? ಒಂದೆರಡು ಸೆಕೆಂಡಾದರೆ ಪೈಥಾನ್ ಎದ್ದು ನಂಪೈ ಇಂಪೋರ್ಟ್ ಆಗುವ ಹೊತ್ತೇ ದೊಡ್ಡ ಪಾಲು. ಒಂದು ಪ್ರೋಸೆಸ್‌ಗೆ ಒಂದು ರನ್ ಬೇಡ. ಐನೂರು ನಿಯತಾಂಕಗಳ ಕಂತೆ ಕೊಡಿ, ಒಂದು ಸಲ ಎದ್ದು ಐನೂರನ್ನೂ ಮುಗಿಸಲಿ. ಪೈಥಾನ್ ಎನ್‌ಎಫ್‌ಎಸ್ ಮೇಲಿದ್ದರಂತೂ ಇದು ಬೇಕೇ ಬೇಕು. ನೂರಾರು ಪ್ರೋಸೆಸ್ ಒಟ್ಟಿಗೆ ಇಂಪೋರ್ಟ್ ಮಾಡುವಾಗ ಸಾವಿರಾರು ಸಣ್ಣ ಕಡತ ಹುಡುಕುತ್ತವೆ, ಆ ಹುಡುಕಾಟಕ್ಕೇ ಎನ್‌ಎಫ್‌ಎಸ್ ಸುಸ್ತಾಗುತ್ತದೆ.

ಫಲಿತಾಂಶಕ್ಕೂ ರನ್‌ಗೊಂದು ಕಡತ ಮಾಡಬೇಡಿ. ಒಂದೇ ಫೋಲ್ಡರ್‌ನಲ್ಲಿ ಲಕ್ಷ ಕಡತ ಆದರೆ "ಎಲ್‌ಎಸ್" ಹೊಡೆದು ಕಾಯುತ್ತಾ ಕೂರಬೇಕು. ಕಂತೆಗೊಂದು ಕಡತ ಸಾಕು.

ಹೇಮಾವತಿ_ದಡ · ಹಾಸನ

ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ. ಮಳೆ ಕತ್ತರಿಸಿದ ಮೇಲೆ ಮೆಮೊರಿಯ ಮಾತೇ ಇಲ್ಲ. ಕಂತೆ ಮಾಡಿದ್ದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. 128ರಿಂದ 256ಕ್ಕೆ ಏರಿಸಿದಾಗ ಗಂಟೆಗೆ ಮುಗಿಯುವ ರನ್ ಸ್ವಲ್ಪವೇ ಹೆಚ್ಚಾಯಿತು. ಬೇರೆಯವರೂ ಬಳಸುವ ಮಷೀನಾದ್ದರಿಂದ 120ಕ್ಕೆ ಇಟ್ಟಿದ್ದೇನೆ. ಈಗ ಲೂಪ್ ಓಡುವಾಗಲೂ ಗೆಳತಿಯರು ಲಾಗಿನ್ ಆಗಿ ತಮ್ಮ ಕೆಲಸ ಮಾಡುತ್ತಿದ್ದಾರೆ.

ಒಂದು ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಯುಪಿಎಸ್ ಸ್ವಲ್ಪ ಹೊತ್ತು ತಡೆಯುತ್ತದೆ. ಮಧ್ಯದಲ್ಲಿ ನಿಂತರೆ ಮೊದಲಿಂದ ಶುರು ಮಾಡಬೇಕಾ?

ಸರ್ವರ್_ಕೋಣೆ · ಹಾಸನ

ಬೇಡ. ಗ್ನೂ ಪ್ಯಾರಲಲ್‌ಗೆ "ಜಾಬ್‌ಲಾಗ್" ಎಂದು ಒಂದು ಕಡತದ ಹೆಸರು ಕೊಡಿ. ಮುಗಿದ ಪ್ರತಿ ಕಂತೆಯೂ ಎಷ್ಟು ಹೊತ್ತು ತೆಗೆದುಕೊಂಡಿತು, ಸರಿಯಾಗಿ ಮುಗಿಯಿತೋ ಇಲ್ಲವೋ ಎಂಬುದರ ಸಮೇತ ಅದರಲ್ಲಿ ದಾಖಲಾಗುತ್ತದೆ. ಮಷೀನ್ ಮತ್ತೆ ಎದ್ದ ಮೇಲೆ ಅದೇ ಆಜ್ಞೆಗೆ "ರೆಸ್ಯೂಮ್" ಸೇರಿಸಿ ಓಡಿಸಿ, ಮುಗಿದವನ್ನು ಬಿಟ್ಟು ಮುಂದೆ ಹೋಗುತ್ತದೆ. ತಪ್ಪಾಗಿ ಮುಗಿದವನ್ನೂ ಮತ್ತೆ ಓಡಿಸಬೇಕಾದರೆ "ರೆಸ್ಯೂಮ್-ಫೇಲ್ಡ್".

ಪೈಥಾನ್ ಕಡೆ ಒಂದೇ ಕೆಲಸ: ಫಲಿತಾಂಶವನ್ನು ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ನಿಜವಾಗಿ ಬರೆಸಿ), ಆಮೇಲೆ ನಿಜವಾದ ಹೆಸರಿಗೆ ಬದಲಿಸಿ. ಆಗ ಅರ್ಧ ಬರೆದ ಕಡತ ನಿಜವಾದ ಹೆಸರಲ್ಲಿ ಉಳಿಯುವುದಿಲ್ಲ. ಜಾಬ್‌ಲಾಗ್ ಕಡತವೂ ಸ್ಥಳೀಯ ಡಿಸ್ಕ್‌ನಲ್ಲೇ ಇರಲಿ, ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್‌ನಲ್ಲಿ ಇಟ್ಟರೆ ಕರೆಂಟ್ ಜೊತೆ ಅದೂ ಹೋಗುತ್ತದೆ.